ಯಂತ್ರ ಓಡದಿದ್ದರೆ ದುಡ್ಡು ವಾಪಸ್ ಕೊಡಬೇಕಾ?

"ಕುಶಾಲನಗರದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಮೋಟಾರು ರಿಪೇರಿ ಮಾಡುತ್ತೇನೆ. ಕಾಫಿ ಸಿಪ್ಪೆ ಉರಿಸಿ, ಆ ಬಿಸಿಯಲ್ಲಿ ಕಾಫಿ ಒಣಗಿಸುವ ಡ್ರೈಯರ್ ಒಂದನ್ನು ಮಾಡಿದ್ದೇನೆ. ದೊಡ್ಡದು ಮಾಡಲು ಸಾಲ ಕೇಳಿದರೆ ಬ್ಯಾಂಕಿನವರು ಮನೆ ಪತ್ರ ತನ್ನಿ ಅಂದರು. ಸಣ್ಣ ಕಂಪನಿಗಳ ಸಂಶೋಧನೆಗೆ ಸರ್ಕಾರವೇ ದುಡ್ಡು ಕೊಡುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಪಿಯುಸಿ ಓದಿದ ನನಗೂ ಕೊಡುತ್ತಾರಾ? ಯಂತ್ರ ಓಡದಿದ್ದರೆ ದುಡ್ಡು ವಾಪಸ್ ಕೊಡಬೇಕಾ? ಜನರ ತೆರಿಗೆ ದುಡ್ಡನ್ನು ಹೀಗೆ ಪ್ರಯೋಗಕ್ಕೆ ಹಾಕುವುದು ಸರಿಯಾ?"
— ಒಬ್ಬ ಓದುಗ, ಕುಶಾಲನಗರ

ನಮಸ್ಕಾರ.

ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ವಾಪಸ್ ಕೊಡಬೇಕಾಗಿಲ್ಲ. ಸಂಶೋಧನೆಯ ಅನುದಾನ ಸಾಲವೂ ಅಲ್ಲ, ಸಬ್ಸಿಡಿಯೂ ಅಲ್ಲ. ಪಂಪ್‌ಸೆಟ್‌ಗೆ ಸಬ್ಸಿಡಿ ಕೊಡುವಾಗ ಪಂಪು ನೀರೆತ್ತುತ್ತದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಸಂಶೋಧನೆಗೆ ದುಡ್ಡು ಕೊಡುವುದು ಇನ್ನೂ ಯಾರಿಗೂ ಗೊತ್ತಿಲ್ಲದ್ದನ್ನು ತಿಳಿಯಲು. "ಇದು ಆಗುವುದಿಲ್ಲ, ಇಂಥ ಕಾರಣಕ್ಕೆ ಆಗುವುದಿಲ್ಲ" ಎಂದು ನೀವು ಲೆಕ್ಕ ಸಮೇತ ತೋರಿಸಿದರೆ ಅದೂ ಒಂದು ಉತ್ತರವೇ. ಆದರೆ ಡ್ರೈಯರ್‌ಗೆ ಬಂದ ದುಡ್ಡಲ್ಲಿ ಮನೆ ಸೂರು ರಿಪೇರಿ ಮಾಡಿಸಿದರೆ ಅದನ್ನು ವಾಪಸ್ ಕಟ್ಟಲೇಬೇಕು. ಖರ್ಚಾಗದೆ ಉಳಿದದ್ದನ್ನೂ ಅಷ್ಟೇ. ಹಾಗಾಗಿ ಒಂದು ನಟ್ಟು ಬೋಲ್ಟಿನ ಬಿಲ್ಲನ್ನೂ ಬಿಸಾಡಬೇಡಿ.

ತೆರಿಗೆ ದುಡ್ಡಿನ ಪ್ರಶ್ನೆ ನ್ಯಾಯವಾದದ್ದು. ಅಮೆರಿಕದವರು ಇದಕ್ಕೆ ಕಂಡುಕೊಂಡ ದಾರಿ ನನಗೆ ಇಷ್ಟ. 1977ರಲ್ಲಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್‌ನಲ್ಲಿ ರೋಲಂಡ್ ಟಿಬೆಟ್ಸ್ ಎಂಬ ಅಧಿಕಾರಿ, ಸಣ್ಣ ಕಂಪನಿಗಳ ಸಂಶೋಧನೆಗೆ ಹಣ ಕೊಡುವ ಈ ಕೆಲಸವನ್ನು ಸಣ್ಣದಾಗಿ ಶುರು ಮಾಡಿದರು. 1982ರಲ್ಲಿ ಅದು ಕಾನೂನಾಯಿತು. ಹೊರಗಿನವರಿಂದ ಮಾಡಿಸುವ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡುವ ಪ್ರತಿ ಇಲಾಖೆಯೂ ಅದರಲ್ಲಿ ಒಂದು ಪಾಲನ್ನು ಸಣ್ಣ ಕಂಪನಿಗಳಿಗೆ ಎತ್ತಿಡಬೇಕು ಎಂದು ಆ ಕಾನೂನು ಹೇಳಿತು. ಇಂಧನ ಇಲಾಖೆಯೂ ಇದರಲ್ಲಿ ಸೇರಿದೆ. ಶುರುವಿನಲ್ಲಿ ಶೇಕಡ 0.2 ಇದ್ದ ಆ ಪಾಲು ಮುಂದೆ ಶೇಕಡ 3.2ಕ್ಕೆ ಏರಿತು. (500 ಜನ ಕೆಲಸ ಮಾಡುವ ಕಂಪನಿಯೂ ಅವರ ಲೆಕ್ಕದಲ್ಲಿ ಸಣ್ಣದೇ. ನಮ್ಮ ಜಿಲ್ಲೆಯಲ್ಲಿ ಅದು ದೊಡ್ಡ ಕಾರ್ಖಾನೆ.)

ಅಲ್ಲಿ ದುಡ್ಡು ಒಂದೇ ಸಲ ಬರುವುದಿಲ್ಲ. ಯೋಚನೆಗೆ ಜೀವ ಇದೆಯಾ ಎಂದು ನೋಡಲು ಮೊದಲು ಕೆಲವೇ ತಿಂಗಳಿಗೆ ಸ್ವಲ್ಪ ಹಣ. ಅದರಲ್ಲಿ ಗೆದ್ದವರಿಗೆ ಮಾತ್ರ ಎರಡನೇ ಹಂತದಲ್ಲಿ ದೊಡ್ಡ ಮೊತ್ತ. ಮೂರನೇ ಹಂತದಲ್ಲಿ ಈ ನಿಧಿಯಿಂದ ಏನೂ ಇಲ್ಲ, ಮಾಲು ಮಾರಬೇಕು. ಕೊಳ್ಳುವವರು ಕೆಲವು ಸಲ ಸರ್ಕಾರದವರೇ. ನಾವೂ ತೋಟದಲ್ಲಿ ಮಾಡುವುದು ಇದನ್ನೇ ಅಲ್ವಾ? ಹೊಸ ತಳಿ ಬಂತೆಂದು ಯಾರೂ ಇಡೀ ತೋಟ ಕಿತ್ತು ಹಾಕುವುದಿಲ್ಲ. ಒಂದು ಮೂಲೆಯಲ್ಲಿ ನೂರು ಗಿಡ ನೆಟ್ಟು ನಾಲ್ಕು ವರ್ಷ ನೋಡುತ್ತಾರೆ. ಗಿಡ ಹಿಡಿಯದಿದ್ದರೆ ನಷ್ಟ ಆ ಮೂಲೆಗೆ ಮಾತ್ರ. ಮೊಬೈಲ್ ಚಿಪ್ಪಿನ ಕ್ವಾಲ್‌ಕಾಮ್ ಕೂಡ ಶುರುವಿನ ದಿನಗಳಲ್ಲಿ ಈ ಹಣ ಪಡೆದ ಕಂಪನಿ.

ಈಗ ನಿಮ್ಮ ಡ್ರೈಯರ್. ಪತ್ರ ಓದುತ್ತಿದ್ದಂತೆ ನನಗೆ ನಮ್ಮ ಮನೆಯ ಕಣ ನೆನಪಾಯಿತು. ಹುತ್ತರಿ ಹಬ್ಬ ಕಳೆದು, ಹಣ್ಣು ಕುಯ್ದು ಹರಡಿರುತ್ತಿದ್ದೆವು. ನಡುರಾತ್ರಿ ಹೆಂಚಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಅಪ್ಪ ಎಲ್ಲರನ್ನೂ ಎಬ್ಬಿಸುತ್ತಿದ್ದರು. ಒಬ್ಬರ ಕೈಯಲ್ಲಿ ಟಾರ್ಚು, ಉಳಿದವರ ಕೈಯಲ್ಲಿ ಟಾರ್ಪಾಲು. ಒಳ್ಳೆ ಬಿಸಿಲಿದ್ದರೂ ಚೆರ್ರಿ (ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು) ಒಣಗಲು ಹನ್ನೆರಡು ಹದಿನೈದು ದಿನ ಬೇಕು. ನಡುವೆ ಎರಡು ದಿನ ಮೋಡ ಕವಿದರೆ ಬೂಷ್ಟು ಹಿಡಿಯುತ್ತದೆ. ವರ್ಷದ ದುಡಿಮೆ ಕಣ್ಣೆದುರೇ ಕಪ್ಪಾಗುವುದನ್ನು ನಾನು ನೋಡಿದ್ದೇನೆ. ಹಾಗಾಗಿ ನಿಮ್ಮ ಯಂತ್ರದ ಬಗ್ಗೆ ಸುಮ್ನೆ ಹೊಗಳಿ ಕಳಿಸಲು ಮನಸ್ಸಿಲ್ಲ. ಕೂತು ಲೆಕ್ಕ ಹಾಕಿದೆ.

100 ಕೆಜಿ ಹಣ್ಣಿನಲ್ಲಿ ಸುಮಾರು 65 ಕೆಜಿ ನೀರೇ ಇರುತ್ತದೆ. ತೇವಾಂಶ ಶೇಕಡ 11ಕ್ಕೆ ಇಳಿದಾಗ ಉಳಿಯುವ ಚೆರ್ರಿ 40 ಕೆಜಿ ಹತ್ತಿರ. ಅಂದರೆ 60 ಕೆಜಿ ನೀರು ಹಾರಬೇಕು. ಒಂದು ಕೆಜಿ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಒಟ್ಟು 1,36,000 ಕಿಲೋಜೂಲ್ ಆಯಿತು. ಕರೆಂಟಿನ ಲೆಕ್ಕದಲ್ಲಿ 38 ಯೂನಿಟ್. ಅದೇ 40 ಕೆಜಿ ಚೆರ್ರಿಯನ್ನು ಒಣ ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರಕ್ಕೆ ಹಾಕಿದರೆ ಅರ್ಧದಷ್ಟು, 20 ಕೆಜಿ ಸಿಪ್ಪೆ ಬರುತ್ತದೆ. ಒಣ ಸಿಪ್ಪೆ ಕೆಜಿಗೆ ಸುಮಾರು 16,000 ಕಿಲೋಜೂಲ್ ಕೊಡುತ್ತದೆ ಎಂದಿಟ್ಟುಕೊಂಡರೆ 3,20,000. ಬೇಕಾದದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ! ಕಾಗದದ ಮೇಲೆ ನಿಮ್ಮ ಯೋಚನೆ ಗಟ್ಟಿಯಾಗಿದೆ.

ಆದರೆ ಉರಿಸಿದ ಶಾಖದಲ್ಲಿ ಶೇಕಡ 43ರಷ್ಟಾದರೂ ಹಣ್ಣಿಗೆ ಮುಟ್ಟಬೇಕು. ಉಳಿದದ್ದು ಹೊಗೆ ಕೊಳವೆಯಲ್ಲಿ ಹೋದರೂ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಹೋದರೆ ಸೌದೆ ಸೇರಿಸಬೇಕಾಗುತ್ತದೆ. ಹೊಗೆ ಕಾಫಿಗೆ ತಾಗಲೂಬಾರದು. ಹೊಗೆ ವಾಸನೆಯ ಬೀಜವನ್ನು ಯಾರೂ ಒಳ್ಳೆ ಬೆಲೆಗೆ ತಗೊಳ್ಳುವುದಿಲ್ಲ. ಹಾಗಾಗಿ ಬೆಂಕಿಯ ಗಾಳಿ ಬೇರೆ, ಒಣಗಿಸುವ ಗಾಳಿ ಬೇರೆ ಇರಬೇಕು. ಶಾಖ ಸೋರುವುದು ಅಲ್ಲಿಯೇ. ಇನ್ನೊಂದು ವಿಷಯ. ನೀವು ಒಣಗಿಸುವಾಗ ಸಿಪ್ಪೆ ಇನ್ನೂ ಕಾಯಿಯ ಮೇಲೇ ಇರುತ್ತದೆ. ಅದು ಬಿಡಿಸಿಕೊಳ್ಳುವುದು ಆಮೇಲೆ, ಕಾಫಿ ಬೀಜ ಬಿಡಿಸಿ ಹದ ಮಾಡುವ ನಿಮ್ಮೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ. ಅಲ್ಲಿಂದ ನಾಪೋಕ್ಲಿನಂಥ ಊರಿನ ತೋಟಕ್ಕೆ ಸಿಪ್ಪೆ ಸಾಗಿಸುವ ಲಾರಿ ಬಾಡಿಗೆ ಎಷ್ಟಾಗುತ್ತದೆ? ಅರ್ಜಿಯಲ್ಲಿ ಬರೆಯಬೇಕಾದ ಪ್ರಶ್ನೆಗಳು ಇವೇ. "ಒಳ್ಳೆ ಡ್ರೈಯರ್ ಮಾಡುತ್ತೇನೆ" ಅಂದರೆ ಯಾರೂ ಕೊಡುವುದಿಲ್ಲ. "ಹೊಗೆ ತಾಗಿಸದೆ, ಸಿಪ್ಪೆಯ ಶಾಖದ ಅರ್ಧವನ್ನು ಹಣ್ಣಿಗೆ ಮುಟ್ಟಿಸಲು ಆಗುತ್ತದಾ ಎಂದು ಒಂದು ಕೊಯ್ಲಿನಲ್ಲಿ ಅಳೆದು ತೋರಿಸುತ್ತೇನೆ" ಅನ್ನಿ. ಆಗ ಕೇಳುತ್ತಾರೆ.

ಯಾರ ಹತ್ತಿರ ಹೋಗಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ನ್ಯಾಷನಲ್ ಇನೊವೇಷನ್ ಫೌಂಡೇಷನ್‌ಗೆ ಬರೆಯುತ್ತಿದ್ದೆ. 2000ದಲ್ಲಿ ಶುರುವಾದ ಸಂಸ್ಥೆ, ಗುಜರಾತಿನಲ್ಲಿದೆ. ದೊಡ್ಡ ಓದಿಲ್ಲದ, ಆದರೆ ಕೈಯಲ್ಲಿ ಕೆಲಸ ಇರುವ ಜನರಿಗಾಗಿಯೇ ಇರುವಂಥದ್ದು. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ ಈ ಸಂಸ್ಥೆ ಪ್ರಶಸ್ತಿ ಕೊಟ್ಟಿತ್ತು. ಹುಣಸೆ ಬೀಜ ಬಿಡಿಸುವ ಯಂತ್ರ, ಬಿತ್ತುವ ಕೂರಿಗೆ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆಮೇಲೆ ಕೇಂದ್ರದ ನಿಧಿ-ಪ್ರಯಾಸ್. ಮಾದರಿ ಯಂತ್ರ ಮಾಡಲು 10 ಲಕ್ಷದವರೆಗೆ ಕೊಡುವ ಯೋಜನೆ. 2021ರಲ್ಲಿ ಶುರುವಾದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಮಾದರಿಗೆ 20 ಲಕ್ಷದವರೆಗೆ ಅನುದಾನದ ಅವಕಾಶ ಇಟ್ಟಿದ್ದರು. ಆದರೆ ಒಬ್ಬರ ಹೆಸರಲ್ಲಿರುವ ವರ್ಕ್‌ಶಾಪ್ ಸಾಲದು, ಹೊಸ ಕಂಪನಿ ನೋಂದಾಯಿಸಬೇಕು. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯ ಅನುದಾನ 50 ಲಕ್ಷದವರೆಗಿನದು. 2025ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ 1 ಲಕ್ಷ ಕೋಟಿಯ ಸಂಶೋಧನಾ ನಿಧಿಯ ಬಗ್ಗೆಯೂ ನೀವು ಕೇಳಿರಬಹುದು. ಅದರಲ್ಲಿ ಕೊಡುವುದು ಕಡಿಮೆ ಬಡ್ಡಿಯ ಸಾಲ, ಬಂಡವಾಳ. ಸದ್ಯಕ್ಕೆ ಅದು ನಿಮಗಲ್ಲ.

ನನ್ನನ್ನು ಕಾಡುವ ಸಂಗತಿ ಬೇರೆ. ಅಮೆರಿಕದ ಇಂಧನ ಇಲಾಖೆ "ನಮಗೆ ಉತ್ತರ ಬೇಕಾದ ಪ್ರಶ್ನೆಗಳು ಇವು" ಎಂದು ಪಟ್ಟಿ ಹೊರಡಿಸುತ್ತದೆ. ಸಣ್ಣ ಕಂಪನಿಗಳು ಅದಕ್ಕೆ ಉತ್ತರ ಬರೆಯುತ್ತವೆ. ನಮ್ಮಲ್ಲಿ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಮತ್ತು ಎಂಜಿನಿಯರಿಂಗ್ ಕಾಲೇಜು ಇವೆ. ಇವರೆಲ್ಲ ಸೇರಿ ವರ್ಷಕ್ಕೆ ಹತ್ತೇ ಹತ್ತು ಪ್ರಶ್ನೆ ಬರೆದು ವರ್ಕ್‌ಶಾಪ್‌ಗಳ ಮುಂದಿಡಲಿ. ಮಳೆಯಲ್ಲಿ ಕಾಫಿ ಒಣಗಿಸುವುದು ಹೇಗೆ? ಪಲ್ಪಿಂಗ್ ನೀರಿನಿಂದ ಗ್ಯಾಸ್ ತೆಗೆಯುವುದು ಹೇಗೆ? ಆನೆ ಬೇಲಿಯ ಬ್ಯಾಟರಿ ಮಳೆಗಾಲದಲ್ಲೂ ಉಳಿಯುವುದು ಹೇಗೆ? ಈ ಪತ್ರಿಕೆಯಿಂದ ನಾಲ್ಕೂ ಕಡೆಗೆ ಪತ್ರ ಬರೆಯುತ್ತಿದ್ದೇನೆ. ಬಂದ ಉತ್ತರವನ್ನು ಇಲ್ಲಿಯೇ ಅಚ್ಚು ಹಾಕುತ್ತೇನೆ.

ಅಲ್ಲಿಯವರೆಗೆ ಒಂದು ನೋಟ್‌ಬುಕ್ ಇಡಿ. ಎಷ್ಟು ಹಣ್ಣು ಹಾಕಿದಿರಿ, ಎಷ್ಟು ಸಿಪ್ಪೆ ಉರಿಯಿತು, ಎಷ್ಟು ಗಂಟೆ ಹಿಡಿಯಿತು, ಗಾಳಿಯ ಬಿಸಿ ಎಷ್ಟಿತ್ತು, ಕೊನೆಗೆ ತೇವಾಂಶ ಎಷ್ಟು, ಎಲ್ಲ ಬರೆಯಿರಿ. ಕೆಟ್ಟ ದಿನದ ಲೆಕ್ಕವನ್ನೂ ಬಿಡಬೇಡಿ. ಕೊಯ್ಲು ಶುರುವಾದಾಗ ನಮ್ಮ ತೋಟದಿಂದ ಎರಡು ಕ್ವಿಂಟಲ್ ರೊಬಸ್ಟಾ ಹಣ್ಣು ಕಳಿಸುತ್ತೇನೆ. ಅರ್ಧ ನಿಮ್ಮ ಯಂತ್ರಕ್ಕೆ, ಅರ್ಧ ನಿಮ್ಮ ಅಂಗಳದ ಬಿಸಿಲಿಗೆ ಹಾಕಿ. ಕೆಟ್ಟರೆ ನನ್ನ ಹಣ್ಣು ತಾನೇ, ಯೋಚನೆ ಮಾಡಬೇಡಿ.

— ಸಂಪಾದಕ