ಬಗ್ ರಿಪೋರ್ಟ್ ಯಾವಾಗ ಮುಚ್ಚಬೇಕು?

ಡೆವಲಪರ್ ‘ಫಿಕ್ಸ್ಡ್’ ಅಂತ ಹಾಕಿದ ಕೂಡಲೇ ಬಗ್ (ಸಾಫ್ಟ್‌ವೇರ್‌ನ ದೋಷ) ಮುಗಿಯಿತು ಅನ್ನಬಹುದಾ, ಇಲ್ಲ ಬೇರೆ ಯಾರಾದರೂ ಒಪ್ಪಬೇಕಾ ಅಂತ ಕೇಳಿದ್ದೀರಿ. ನಾನು ಮೈಸೂರಿನ ಹೆಬ್ಬಾಳದಲ್ಲಿ ಒಂದು ಚಿಕ್ಕ ಕಂಪನಿಯ ಟೆಸ್ಟರ್. ನನ್ನ ಪ್ರಕಾರ, ಬಗ್ ಕಂಡವರ ಕೈಯಲ್ಲಿರುವ ವರ್ಷನ್‌ನಿಂದಲೇ ಅದು ಹೋಗಿರಬೇಕು. ಅಲ್ಲಿಯವರೆಗೆ ಮುಚ್ಚಬೇಡಿ.

ಕಬ್ಬಿನ ತೂಕದ ಚೀಟಿ ಪ್ರಿಂಟ್ ಮಾಡುವ ಸಾಫ್ಟ್‌ವೇರ್ ನಮ್ಮದು. ಮಂಡ್ಯ ಕಡೆಯ ಒಂದು ವೇಬ್ರಿಡ್ಜ್‌ನಿಂದ ದೂರು ಬಂತು. ರೈತರ ಹೆಸರಿನಲ್ಲಿ ಒತ್ತಕ್ಷರ ಒಡೆಯುತ್ತಿತ್ತು. ‘ಚಿಕ್ಕಣ್ಣ’ ಹೋಗಿ ‘ಚಿಕ್‌ಕಣ್‌ಣ’ ಆಗುತ್ತಿತ್ತು. ಡೆವಲಪರ್ ಕೋಡ್ ತಿದ್ದಿದರು. ಅವರ ಕಂಪ್ಯೂಟರ್‌ನಲ್ಲಿ ಚೀಟಿ ಸರಿಯಾಗಿ ಬಂತು, ಟಿಕೆಟ್ (ದೂರಿನ ದಾಖಲೆ) ಮುಚ್ಚಿದರು. ಆದರೆ ಹೊಸ ಬಿಲ್ಡ್, ಅಂದರೆ ತಿದ್ದಿದ ಸಾಫ್ಟ್‌ವೇರ್, ವೇಬ್ರಿಡ್ಜ್‌ಗೆ ಹೋಗಿಯೇ ಇರಲಿಲ್ಲ! ಅಲ್ಲಿನ ಗುಮಾಸ್ತರಿಗೆ ‘ನಿಮ್ಮ ದೂರು ಬಗೆಹರಿದಿದೆ’ ಅಂತ ಮೆಸೇಜ್ ಹೋಯಿತು. ಅವರ ಎದುರಿಗೋ, ಅದೇ ತಪ್ಪು ಚೀಟಿ ಹಿಡಿದು ನಿಂತ ರೈತ. ಇಂಥವರಿಗೆ ಮುಂದಿನ ಸಲ ದೂರು ಕೊಡಲು ಮನಸ್ಸಾದರೂ ಬರುತ್ತದಾ? ಒಂದು ಬಗ್ ಉಳಿದರೆ ತಿದ್ದಬಹುದು. ಹೇಳುವವರೇ ಹೇಳುವುದು ಬಿಟ್ಟರೆ ನಮಗೆ ಗೊತ್ತಾಗುವುದು ಹೇಗೆ?

ಬಗ್‌ಗಳ ಲೆಕ್ಕ ಇಡುವ ಟ್ರ್ಯಾಕರ್‌ಗಳಲ್ಲಿ ಬೇರೆ ಬೇರೆ ಹಂತ ಇರುವುದು ಸುಮ್ನೆ ಅಲ್ಲ. ಬಗ್‌ಜಿಲ್ಲಾ ಎಂಬ ಟ್ರ್ಯಾಕರ್‌ನಲ್ಲಿ ‘ರಿಸಾಲ್ವ್ಡ್’ (ಬಗೆಹರಿದಿದೆ) ಆದ ಮೇಲೆ ‘ವೆರಿಫೈಡ್’ (ಪರೀಕ್ಷಿಸಿ ಖಚಿತಪಡಿಸಿದೆ) ಇದೆ. ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್‌ನ ಬಗ್‌ಗಳಿರುವ ಲಾಂಚ್‌ಪ್ಯಾಡ್ ಇನ್ನೂ ಸ್ಪಷ್ಟ: ತಿದ್ದಿದ್ದು ಕೋಡ್‌ಗೆ ಸೇರಿದರೆ ‘ಫಿಕ್ಸ್ ಕಮಿಟೆಡ್’, ಜನರಿಗೆ ಬಿಡುಗಡೆಯಾದರೆ ‘ಫಿಕ್ಸ್ ರಿಲೀಸ್ಡ್’. ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಸ್ವಲ್ಪ ಹುಷಾರು. ಪುಲ್ ರಿಕ್ವೆಸ್ಟ್‌ನಲ್ಲಿ (ತಿದ್ದಿದ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ‘ಫಿಕ್ಸಸ್’ ಅಂತ ಬರೆದು ಇಶ್ಯೂ (ಅಲ್ಲಿನ ದೂರು) ನಂಬರ್ ಹಾಕಿದ್ದರೆ, ಡೀಫಾಲ್ಟ್ ಬ್ರಾಂಚ್‌ಗೆ (ಮುಖ್ಯ ಕೋಡ್‌ಗೆ) ಮರ್ಜ್ ಆದ ತಕ್ಷಣ ಇಶ್ಯೂ ತಾನಾಗಿಯೇ ಮುಚ್ಚಿಹೋಗುತ್ತದೆ. ರಿಲೀಸ್ ಆಗಿದೆಯಾ ಅಂತ ಅದು ನೋಡುವುದಿಲ್ಲ.

ಸರಿಮಾಡದೆಯೂ ಮುಚ್ಚಬಹುದು. ಡೂಪ್ಲಿಕೇಟ್ ಆಗಿದ್ದರೆ ಮೊದಲ ರಿಪೋರ್ಟ್‌ನ ಲಿಂಕ್ ಕೊಡಿ. ‘ವೋಂಟ್‌ಫಿಕ್ಸ್’ ಆಗಿದ್ದರೆ ಯಾಕೆ ಮಾಡುವುದಿಲ್ಲ ಅಂತ ಎರಡು ಸಾಲು ಬರೆಯಿರಿ. ಆದರೆ ತುಂಬ ದಿನದಿಂದ ಯಾರೂ ಮಾತಾಡಿಲ್ಲ ಅಂತ ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಬಂದು ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ನಾವು ಸುಮ್ಮನಿದ್ದ ಮಾತ್ರಕ್ಕೆ ಬಗ್ ಹೋಗುವುದಿಲ್ಲ, ಅಲ್ವಾ?

ರಿಪೋರ್ಟ್ ಮಾಡಿದವರು ಉತ್ತರವನ್ನೇ ಕೊಡದಿದ್ದರೆ? ಆಗ ಡೆವಲಪರ್ ಬಿಟ್ಟು ಬೇರೊಬ್ಬರು ಪರೀಕ್ಷೆ ಮಾಡಲಿ. ರಿಪೋರ್ಟ್‌ನಲ್ಲಿ ಬರೆದ ಕ್ರಮದಲ್ಲೇ, ಬಿಡುಗಡೆಯಾದ ಬಿಲ್ಡ್‌ನಲ್ಲಿ, ಸಾಧ್ಯವಾದರೆ ಅದೇ ಮಾದರಿಯ ಪ್ರಿಂಟರ್‌ನಲ್ಲಿ. ಸರಿಬಂದರೆ ವರ್ಷನ್ ನಂಬರ್ ಹಾಕಿ ಮುಚ್ಚಿ. ಮತ್ತೆ ಕಾಣಿಸಿದರೆ ಇದೇ ಟಿಕೆಟ್ ತೆರೆಯಿರಿ ಅಂತ ಅವರಿಗೆ ತಿಳಿಸಿ.