ಡಾಟ್ ಕನ್ನಡ ಕೇಳುವವರಲ್ಲಿ ‘ಕನ್ನಡಿಗರು’ ಯಾರು?

ಸಮುದಾಯದ ಹೆಸರಿನಲ್ಲಿ ‘ಡಾಟ್ ಕನ್ನಡ’ದಂಥ ಡೊಮೈನ್ ವಿಸ್ತರಣೆ (ಜಾಲತಾಣದ ವಿಳಾಸದ ಕೊನೆಯ ಭಾಗ) ಕೇಳಿದರೆ, ಅಂಥ ಹೆಸರುಗಳನ್ನು ಹಂಚುವ ಜಾಗತಿಕ ಸಂಸ್ಥೆ ಐಕ್ಯಾನ್ ಯಾಕೆ ಅಷ್ಟು ಬಿಗಿ, ನ್ಯಾಯವಾದ ಮಾನದಂಡ ಯಾವುದು ಎಂದು ಕೇಳಿದ್ದೀರಿ.

ಬಿಗಿ ಬೇಕೇ ಬೇಕು. ಒಂದೇ ಹೆಸರಿಗೆ ನಾಲ್ವರು ಅರ್ಜಿ ಹಾಕಿದಾಗ ಸಮುದಾಯದ ಅರ್ಜಿ ಪಾಸಾದರೆ ಉಳಿದವರು ಅಲ್ಲಿಗೇ ಹೊರಗೆ. ಪಾಸಾಗದಿದ್ದರೆ ಹರಾಜಿನವರೆಗೂ ಹೋಗಬಹುದು. 2016ರಲ್ಲಿ ‘ಡಾಟ್ ವೆಬ್’ 13.5 ಕೋಟಿ ಡಾಲರಿಗೆ ಹೋಯಿತು. ಇಷ್ಟು ದುಡ್ಡಿರುವಲ್ಲಿ ರಾತ್ರೋರಾತ್ರಿ ಸಂಘ ಕಟ್ಟಿ ಲೆಟರ್‌ಹೆಡ್ ಅಚ್ಚು ಹಾಕಿಸುವವರಿಗೆ ಬರವೇ? ಅದಕ್ಕೇ 2012ರ ಅರ್ಜಿ ಸುತ್ತಿನಲ್ಲಿ ಸಮುದಾಯ 2007ರ ಸೆಪ್ಟೆಂಬರಿಗಿಂತ ಮುಂಚಿನಿಂದಲೂ ಕ್ರಿಯಾಶೀಲವಾಗಿರಬೇಕು ಎಂದಿದ್ದರು. ಆಗ 16ಕ್ಕೆ 14 ಅಂಕ ಬಂದರೆ ಗೆಲುವು. ಸಮುದಾಯ ನಿಜಕ್ಕೂ ಇದೆಯೇ, ಹೆಸರು ಅದಕ್ಕೆ ಹೊಂದುತ್ತದೆಯೇ, ಯಾರಿಗೆ ನೋಂದಣಿ ಕೊಡುತ್ತೀರಿ, ಬೆಂಬಲ ವಿರೋಧ ಎಷ್ಟು – ತಲಾ ನಾಲ್ಕು ಅಂಕ.

ಎರಡನೆಯದರಲ್ಲಿದೆ ತಕರಾರು. ‘ಡಾಟ್ ಗೇ’ ಅರ್ಜಿಗೆ ಸಮುದಾಯ ಇದೆ ಎಂಬುದಕ್ಕೆ ಪೂರ್ತಿ 4, ಹೆಸರಿನ ಹೊಂದಿಕೆಗೆ ಸೊನ್ನೆ. ಒಟ್ಟು 10, ಫೇಲು. ಟ್ರಾನ್ಸ್‌ಜೆಂಡರ್, ಇಂಟರ್‌ಸೆಕ್ಸ್ ಜನರನ್ನೂ ಬೆಂಬಲಿಗರನ್ನೂ ಅರ್ಜಿದಾರರು ಒಳಗೆ ಸೇರಿಸಿಕೊಂಡಿದ್ದರು. ‘ಗೇ’ ಎಂಬ ಪದ ಅವರೆಲ್ಲರನ್ನೂ ಸೂಚಿಸುವುದಿಲ್ಲ ಎಂದಾಯಿತು. ಬಾಗಿಲು ಅಗಲ ಮಾಡಿದ್ದೇ ತಪ್ಪಾಯಿತು ನೋಡಿ.

ನಾನು ಕಾಸರಗೋಡಿನವನು, ಈ ಸೊನ್ನೆ ನನಗೆ ಸ್ವಲ್ಪ ಹೆಚ್ಚೇ ಚುಚ್ಚುತ್ತದೆ. ಮನೆಮಾತು ತುಳು, ಹತ್ತನೆಯವರೆಗೆ ಓದಿದ್ದು ಕನ್ನಡ ಮಾಧ್ಯಮ, ರೇಷನ್ ಕಾರ್ಡು ಮಲಯಾಳದಲ್ಲಿ. ಆಚೆ ಮನೆಯವರದು ಕೊಂಕಣಿ, ಅದರಾಚೆ ಕರಾಡ ಮರಾಠಿ. 1956ರಲ್ಲಿ ಊರು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ‘ಕನ್ನಡಿಗರು’ ಎಂದರೆ ಇವರೆಲ್ಲರೂ ಸೇರಿ. ಮನೆಮಾತಿನ ಕಾಲಮ್ಮು ನೋಡಿದರೂ ನಾನು ಕನ್ನಡಿಗನಲ್ಲ, ವಿಳಾಸದ ರಾಜ್ಯ ನೋಡಿದರೂ ಅಲ್ಲ.

ಹಾಗಾಗಿ ನನ್ನ ಮಟ್ಟಿಗೆ ಮಾನದಂಡ ಭಾಷೆಯ ಬಳಕೆ. 2005ರಲ್ಲಿ ಒಪ್ಪಿಗೆ ಸಿಕ್ಕ ‘ಡಾಟ್ ಕ್ಯಾಟ್’ ನೋಡಿ. ಕ್ಯಾಟಲಾನ್ ಆಡುವವರು ಸ್ಪೇನ್, ಅಂಡೋರಾ, ಫ್ರಾನ್ಸ್, ಇಟಲಿಯ ಸಾರ್ಡೀನಿಯದಲ್ಲಿ ಚದುರಿದ್ದಾರೆ. ಅಲ್ಲಿ ಪೌರತ್ವ ಮುಖ್ಯವಲ್ಲ. ತಾಣ ಕ್ಯಾಟಲಾನ್‌ನಲ್ಲಿರಬೇಕು, ಇಲ್ಲವೇ ಆ ಭಾಷೆ, ಸಂಸ್ಕೃತಿಗೆ ಸಂಬಂಧಪಟ್ಟಿರಬೇಕು. ಕನ್ನಡಕ್ಕೂ ಅಷ್ಟೇ ಸಾಕು. ವಿರೋಧದ ಪತ್ರಗಳನ್ನು ಬರೀ ಎಣಿಸಿದರೆ ಸಾಲದು, ಬರೆದವರು ಯಾರೆಂದು ತೂಗಬೇಕು. ಪ್ರತಿಸ್ಪರ್ಧಿ ಬರೆಸಿದ ಪತ್ರಕ್ಕೇನು ಬೆಲೆ?

ಅಂದ ಹಾಗೆ 2026ರ ಸುತ್ತಿಗೆ ಶುಲ್ಕ 2,27,000 ಡಾಲರ್. ನಿಮಗೆ ಬೇಕಿರುವುದು ಕನ್ನಡ ಲಿಪಿಯ ವಿಳಾಸ ಮಾತ್ರವಾದರೆ ‘ಡಾಟ್ ಭಾರತ’ ಕನ್ನಡ ಅಕ್ಷರಗಳಲ್ಲಿ ಈಗಾಗಲೇ ಇದೆ.