ಜೆರಂಡ್ ಪಾಠ ಕಳಿಸಿದ ಶಿಡ್ಲಘಟ್ಟದ ಮೇಷ್ಟ್ರಿಗೆ

ಮೇಷ್ಟ್ರೇ, ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗೆಂದು ನೀವು ಬರೆದ 'ಜೆರಂಡ್ ಎಂದರೇನು?' ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಾರೆ. ಎಂಜಾಯ್, ಅವಾಯ್ಡ್, ಫಿನಿಶ್ ಆದಮೇಲೆ ಐಎನ್‌ಜಿ ರೂಪ, ವಾಂಟ್, ಡಿಸೈಡ್, ಹೋಪ್ ಆದಮೇಲೆ 'ಟು' ಎಂದು ಪುಟಗಟ್ಟಲೆ ಪಟ್ಟಿ. ತಪ್ಪೇನಿಲ್ಲ, ಆದರೆ ಯಾವ ಗೈಡಿನಲ್ಲಾದರೂ ಸಿಗುತ್ತದೆ. ಐಎನ್‌ಜಿ ಸೇರಿದ ಕ್ರಿಯಾಪದ ನಾಮಪದದ ಕೆಲಸ ಮಾಡಿದರೆ ಜೆರಂಡ್, ವ್ಯಾಖ್ಯೆಯನ್ನೂ ಅದಕ್ಕಿಂತ ಉದ್ದ ಎಳೆಯಬೇಡಿ. ಕನ್ನಡ ಪಾಠದಲ್ಲಿ ಓದಿದ ಕೃದಂತ ಭಾವನಾಮವನ್ನು (ಓದುವಿಕೆ, ಮಾಡುವಿಕೆ) ನೆನಪಿಸಿದರೆ ಮಕ್ಕಳಿಗೆ ಅರ್ಧ ದಾರಿ ಸಾಗುತ್ತದೆ.

ಲೇಖನದ ಜೀವ ಇರುವುದು ಕೊನೆಯ ಪುಟದ ಒಂದು ಸಾಲಿನಲ್ಲಿ: 'ಸ್ಟಾಪ್ ಆದಮೇಲೆ ಎರಡೂ ಬರುತ್ತವೆ, ಅರ್ಥ ಬೇರೆ.' ಅಲ್ಲಿಂದಲೇ ಶುರು ಮಾಡಿ. ಅದಕ್ಕೆ ಜಾನ್ ಸಿಗರೇಟು ಬಿಡುವ ಉದಾಹರಣೆ ಯಾಕೆ? ನಿಮ್ಮ ಮಕ್ಕಳ ಮನೆಗಳಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಾಗ ಸೊಪ್ಪು ಹಾಕುವುದಿಲ್ಲ. 'ವಿ ಸ್ಟಾಪ್ಡ್ ಫೀಡಿಂಗ್ ದ ವರ್ಮ್ಸ್.' ಜ್ವರದಿಂದ ಎದ್ದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಸೊಪ್ಪು ಹಾಕಿದರೆ 'ವಿ ಸ್ಟಾಪ್ಡ್ ಟು ಫೀಡ್ ದ ವರ್ಮ್ಸ್.' ಅದಲುಬದಲಾದರೆ ಬೆಳೆಯ ಗತಿ ಏನೆಂದು ನೀವು ವಿವರಿಸಬೇಕಾಗಿಲ್ಲ. ಮೊದಲನೆಯದರಲ್ಲಿ 'ಫೀಡಿಂಗ್ ದ ವರ್ಮ್ಸ್' ಇಡಿಯಾಗಿ ಸ್ಟಾಪ್‌ನ ಕರ್ಮ. ಎರಡನೆಯದರಲ್ಲಿ 'ಟು ಫೀಡ್' ಕರ್ಮವಲ್ಲ, ನಿಂತದ್ದರ ಉದ್ದೇಶ.

ಮಕ್ಕಳು ಎಡವುವುದಕ್ಕೂ ಕಾರಣ ಇದೆ. ಕನ್ನಡದಲ್ಲಿ 'ಹಾಕುವುದನ್ನು ನಿಲ್ಲಿಸಿದೆವು', 'ಹಾಕಲು ನಿಂತೆವು' ಎಂದು ಕ್ರಿಯಾಪದವೇ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಸ್ಟಾಪ್ ಅಲ್ಲಾಡುವುದಿಲ್ಲ, ಅದರ ನಂತರ ಬರುವುದನ್ನು ನೋಡಿಯೇ ಅರ್ಥ ತಿಳಿಯಬೇಕು. ನೀವು ಇದರ ಜೊತೆಗೇ ಸೇರಿಸಿರುವ ರಿಮೆಂಬರ್ ಬೇರೆ ಲೆಕ್ಕ. 'ರಿಮೆಂಬರ್ ಲಾಕಿಂಗ್' ಎಂದರೆ ಬೀಗ ಹಾಕಿದ್ದು ನೆನಪಿದೆ, 'ರಿಮೆಂಬರ್ ಟು ಲಾಕ್' ಎಂದರೆ ಹಾಕಲು ಮರೆಯಬೇಡ. ಅದಕ್ಕೆ ಬೇರೆ ಪ್ಯಾರಾ ಕೊಡಿ.

'ಐಎನ್‌ಜಿ ಇದ್ದರೆ ಜೆರಂಡ್' ಎಂಬ ವಾಕ್ಯ ಮಾತ್ರ ಹೊಡೆದು ಹಾಕಿ. 'ಸೆಲ್ಲಿಂಗ್ ಕಕೂನ್ಸ್ ಟೇಕ್ಸ್ ಪೇಷನ್ಸ್' (ರೇಷ್ಮೆಗೂಡು ಮಾರುವುದಕ್ಕೆ ತಾಳ್ಮೆ ಬೇಕು) ಎಂಬಲ್ಲಿ ಮೊದಲೆರಡು ಪದ ತೆಗೆದು 'ಇಟ್' ಇಟ್ಟರೂ ವಾಕ್ಯ ನಿಲ್ಲುತ್ತದೆ, ಹಾಗಾಗಿ ಜೆರಂಡ್. 'ದ ಮ್ಯಾನ್ ಸೆಲ್ಲಿಂಗ್ ಕಕೂನ್ಸ್' ಎಂಬಲ್ಲಿ ಹಾಗೆ ಇಟ್ಟು ನೋಡಿ, ನಿಲ್ಲುವುದಿಲ್ಲ. ಅದು ಮನುಷ್ಯನಿಗೆ ವಿಶೇಷಣ.

ಇನ್ನೊಂದು ಮಾತು, ಬೇಸರ ಬೇಡ. 'ಟು ಕಂಡರೆ ಮೂಲರೂಪ' ಎಂದು ಮಕ್ಕಳಿಗೆ ಕಲಿಸುತ್ತೀರಿ. ಅದನ್ನೇ ನಂಬಿ ನಿಮ್ಮ ಪತ್ರದ ಕೊನೆಗೆ 'ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಂ ಯು' ಎಂದಿದ್ದೀರಿ. ಅಲ್ಲಿನ 'ಟು' ಪ್ರಿಪೋಸಿಷನ್, ಅದರ ನಂತರ ನಾಮಪದ ಬರಬೇಕು, ಹಾಗಾಗಿ 'ಹಿಯರಿಂಗ್' ಆಗಬೇಕು. ಇದನ್ನು ಲೇಖನಕ್ಕೂ ಸೇರಿಸಿ, ಓದುವವರಲ್ಲಿ ಅರ್ಧ ಜನ ಹೀಗೇ ಬರೆಯುತ್ತಾರೆ.

ಪಟ್ಟಿ ಬೇಕೇ ಬೇಕೆಂದರೆ ಚಿಕ್ಕದು ಮಾಡಿ, ಬದಿಗೆ ಚೌಕಟ್ಟಿನಲ್ಲಿ ಹಾಕೋಣ. ದಸರಾ ರಜೆಯೊಳಗೆ ತಿದ್ದಿ ಕಳಿಸಿದರೆ ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ.

ಇಂತಿ,
ಸಂಪಾದಕ, ಚಿಕ್ಕಬಳ್ಳಾಪುರ